ಹದಿನೇಳನೇ ನಂಬರಿನ ಲಂಗ

ಆ ಊರಿನಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಎಷ್ಟು ಸುಧಾರಿಸಿತ್ತೆಂದರೆ, ಅದಕ್ಕೆ ಶಾಲೆಯ ಅಗತ್ಯವೇ ಬೀಳುತ್ತಿರಲಿಲ್ಲ. ಶಾಲೆಯಲ್ಲಿ ನಾಲ್ಕು ವರ್ಷದಿಂದ ಸರ್ಕಾರದ ಪಡೆಯವರು ಬಿಡಾರ ಹೂಡಿದ್ದರು. ಒಂದನೇ ಕ್ಲಾಸಿನಲ್ಲಿ ಅವರ ಅಡುಗೆ, ಎರಡನೇ ಕ್ಲಾಸಿನಲ್ಲಿ ಮದ್ದುಗುಂಡು, ಮೂರನೇ ಕ್ಲಾಸಿನಲ್ಲಿ ನಿದ್ದೆ. ಮೂರನೇ ಕ್ಲಾಸಿನಲ್ಲಿ ಮೊದಲೂ ನಿದ್ದೆಯೇ ನಡೆಯುತ್ತಿತ್ತು, ಆದ್ದರಿಂದ ಅಲ್ಲಿ ಹೆಚ್ಚೇನೂ ಬದಲಾಗಿಲ್ಲ ಎನ್ನಬೇಕು. ಬಾವುಟದ ಕಂಬದಿಂದ ಕಿಟಕಿಯ ಸರಳಿಗೆ ಹಗ್ಗ ಎಳೆದು ಬನಿಯನ್ನು ಒಣಹಾಕುತ್ತಿದ್ದರು.

ಪಡೆ ಬಂದ ವಾರವೇ ಹೆಡ್‌ಮಾಸ್ತರರು ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿನ ಪೇಟೆಗೆ ಇಳಿದುಹೋಗಿದ್ದರು. ಬೇರೇನನ್ನೂ ಒಯ್ದಿರಲಿಲ್ಲ, ಅದು ಅವರ ಕರ್ತವ್ಯನಿಷ್ಠೆ. ಅಂದಿನಿಂದ ಶಾಲೆ ಪೇಟೆಯಲ್ಲಿ, ಅವರ ಮನೆಯ ಜಗಲಿಯಲ್ಲಿ, ಬೆಳಗಿನ ಕಾಫಿಯ ಜೊತೆ ನಡೆಯುತ್ತಿತ್ತು. ನಲವತ್ತು ಹುಡುಗಿಯರ ಹೆಸರಿನ ಮುಂದೆ ನಲವತ್ತು ಗುರುತು ಹಾಕಿ, ಪುಸ್ತಕ ಮುಚ್ಚಿ, ಲೋಟ ತೊಳೆಯಲು ಕೊಟ್ಟರೆ ಆ ದಿನದ ಪಾಠ ಮುಗಿಯಿತು. ಇಲಾಖೆಯ ಕಾಗದದಲ್ಲಿ ಅದು ಮಾದರಿ ಶಾಲೆ. ಗಲಾಟೆಯಿಲ್ಲ, ಜಗಳವಿಲ್ಲ, ಒಬ್ಬಳೂ ಫೇಲಿಲ್ಲ.

ಇನ್ನು ಆ ಪಡೆಯ ವಿರುದ್ಧ ಬಂದೂಕು ಹಿಡಿದಿದ್ದ ಕಾಡಿನವರು. ಅವರಿಗೂ ಶಿಕ್ಷಣದ ಬಗ್ಗೆ ಅಭಿಪ್ರಾಯವಿತ್ತು. ಹೆಣ್ಣುಮಕ್ಕಳನ್ನು ಆ ಶಾಲೆಗೆ ಕಳಿಸಿದವರ ಕಾಲು ಮುರಿಯುತ್ತೇವೆಂದು ಚೀಟಿ ಅಂಟಿಸಿದ್ದರು. ಒಬ್ಬರು ಓದಬೇಡಿ ಎಂದರು, ಇನ್ನೊಬ್ಬರು ಓದುವ ಜಾಗವನ್ನೇ ಕಿತ್ತುಕೊಂಡರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಜಗಳದಲ್ಲಿ ಕೂಸಿಗೆ ಅವರಿಬ್ಬರೂ ಏನೂ ಆಗಬೇಕಾಗಿರಲಿಲ್ಲ.

ಎರಡೂ ಕಡೆಯವರಿಗೆ ತಕರಾರಿಲ್ಲದ ವಿದ್ಯೆ ಒಂದಿತ್ತು, ಹೊಲಿಗೆ. ಹುಡುಗಿಯರು ಸೂಜಿ ಹಿಡಿದರೆ ಪಡೆಯವರಿಗೂ ಸಮಾಧಾನ, ಕಾಡಿನವರಿಗೂ ಸಮಾಧಾನ, ಅಪ್ಪಂದಿರಿಗಂತೂ ಪರಮ ಸಮಾಧಾನ. ಹಾಗಾಗಿ ಟೈಲರಕ್ಕನ ಅಂಗಡಿಯ ಬಾಗಿಲಿಗೆ 'ಹೊಲಿಗೆ ಕ್ಲಾಸ್' ಎಂಬ ಹಲಗೆ ಬಿತ್ತು. ಒಳಗೆ ಇಪ್ಪತ್ತು ಹುಡುಗಿಯರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅರ್ಧ ಹೊಲಿದ ರವಿಕೆ, ಮೇಜಿನ ಕೆಳಗೆ ಪಠ್ಯಪುಸ್ತಕ. ಟೇಪು ಹಿಡಿದು ಕಾಲು, ಅರೆ, ಮುಕ್ಕಾಲು ಇಂಚುಗಳಲ್ಲಿ ಭಿನ್ನರಾಶಿ ಕಲಿತರು. ಗೋಡೆಗೆ ನೇತುಹಾಕಿದ ಕಪ್ಪು ಅಸ್ತರಿ ಬಟ್ಟೆಯ ಮೇಲೆ ಟೈಲರಿನ ಸೀಮೆಸುಣ್ಣದಲ್ಲಿ ವ್ಯಾಕರಣ ಕಲಿತರು. ಚೆಕ್‌ಪೋಸ್ಟಿನವನು ತಪಾಸಣೆಗೆ ಬಂದರೆ ಟೈಲರಕ್ಕ ಅಸ್ತರಿಯನ್ನು ಒಮ್ಮೆ ಕೊಡವುತ್ತಿದ್ದಳು, ವ್ಯಾಕರಣವೆಲ್ಲ ಅವನ ಮೂಗಿಗೆ ಹೋಗಿ ಸೀನು ಬರುತ್ತಿತ್ತು. ಅವನು ಹುಡುಕುತ್ತಿದ್ದುದು ಕತ್ತರಿಯನ್ನು. ಆರು ಇಂಚಿಗಿಂತ ಉದ್ದದ ಕತ್ತರಿ ಆಯುಧವೆಂದು ಆದೇಶವಾಗಿತ್ತು. ಪುಸ್ತಕದ ಅಳತೆಯ ಬಗ್ಗೆ ಆದೇಶ ಬಂದಿರಲಿಲ್ಲವಾದ್ದರಿಂದ ಅವನು ಅದನ್ನು ನೋಡಿಯೂ ನೋಡುತ್ತಿರಲಿಲ್ಲ.

ಟೈಲರಕ್ಕ ಹತ್ತನೇ ಕ್ಲಾಸಿನವರೆಗೆ ಓದಿದವಳು. ಗಂಡ ತೀರಿಕೊಂಡ ಮೇಲೆ ಅವಳ ಜೊತೆ ಮಗಳು ಮತ್ತು ಮಿಷನ್ನು ಉಳಿದಿದ್ದರು. ನಾಲ್ಕು ವರ್ಷದ ಹಿಂದೆ, ಶಾಲೆಗೆ ಹೋಗುವ ದಾರಿಯ ಮೋರಿಯ ಹತ್ತಿರ ರಸ್ತೆ ಸಿಡಿಯಿತು. ಮಗಳಿಗೆ ಒಂಬತ್ತು ವರ್ಷ. ಮದ್ದು ಹೂತಿಟ್ಟವರು ಕಾಡಿನವರೆಂದು ಪಡೆಯವರು ಹೇಳಿದರು, ಪಡೆಯವರೆಂದು ಕಾಡಿನವರು ಹೇಳಿದರು. ಇಬ್ಬರೂ ಬಹಳ ವಿಷಾದಿಸಿದರು. ಈಗ ಮಿಷನ್ನು ಮಾತ್ರ ಇತ್ತು.

ಆ ಘಟನೆಯಾಗಿ ಎರಡು ತಿಂಗಳಿಗೆ ಹೊಳೆಯಾಚೆಯ ಸುಟ್ಟ ಊರಿನಿಂದ ಒಂದು ಕುಟುಂಬ ಬಂದು ಪಕ್ಕದ ಗೋದಾಮಿನಲ್ಲಿ ನೆಲೆಸಿತು. ಆ ಮನೆಯ ಹುಡುಗಿಗೂ ಒಂಬತ್ತೇ ವರ್ಷ. ಉಟ್ಟ ಬಟ್ಟೆಯಲ್ಲೇ ಓಡಿಬಂದಿದ್ದಳು. ಟೈಲರಕ್ಕ ಮಗಳ ಫ್ರಾಕೊಂದನ್ನು ತೊಡಿಸಿದರೆ ಅಳತೆ ಸರಿಯಾಗಿ ಕೂತಿತು. ಹುಡುಗಿ ಥ್ಯಾಂಕ್ಸ್ ಹೇಳಲಿಲ್ಲ. "ಇದು ಯಾರದು? ಅವಳು ಎಲ್ಲಿ? ಯಾಕೆ?" ಎಂದಳು. ಅಂದಿನಿಂದ ಅವಳು ಕೇಳುತ್ತಲೇ ಇದ್ದಳು. ಹೊಲಿಗೆ ಕ್ಲಾಸಿನಲ್ಲಿ ಅವಳಿಗೆ ಯಾಕಮ್ಮ ಎಂದೇ ಹೆಸರಾಯಿತು. ನಾಲ್ಕು ವರ್ಷದಲ್ಲಿ ಅವಳು ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ. ಜ್ವರ ಬಂದರೆ ಕಂಬಳಿ ಹೊದ್ದುಕೊಂಡು ಬರುತ್ತಿದ್ದಳು. ಗುಂಡಿನ ಸದ್ದಾದರೆ ಹಿತ್ತಲ ಗೋಡೆ ಹಾರಿ ಬರುತ್ತಿದ್ದಳು. ಟೈಲರಕ್ಕನಿಗೆ ಗೊತ್ತಿದ್ದ ಲೆಕ್ಕವೆಲ್ಲ ಮುಗಿದು, ಈಗ ಯಾಕಮ್ಮ ಅವಳದೇ ತಪ್ಪು ಹಿಡಿಯುವ ಮಟ್ಟಕ್ಕೆ ಬಂದಿದ್ದಳು.

ಆದರೆ ಹುಡುಗಿಗೆ ಹದಿಮೂರಾಗಿತ್ತು. ಅವಳಪ್ಪ ಒಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮುಖ ಎತ್ತದೆ ಹೇಳಿದ್ದ.

"ಅಕ್ಕಾ, ಬೆಳೆದ ಹುಡುಗೀನ ಗೋದಾಮಲ್ಲಿ ಇಟ್ಕೊಂಡು ನಿದ್ದೆ ಬರಲ್ಲ ನನಗೆ. ಎಲ್ಲಾದ್ರೂ ಹಾಸ್ಟೆಲ್ ಸಿಕ್ಕರೆ ಓದಲಿ. ಇಲ್ಲ ಅಂದ್ರೆ ಬೇಸಿಗೆ ಒಳಗೆ ಮದುವೆ ಮಾಡಿಬಿಡ್ತೀನಿ. ಗಂಡು ಕೇಳಿ ಆಗಿದೆ."

"ಗಂಡಿಗೆ ವಯಸ್ಸೆಷ್ಟು?"

"ವಯಸ್ಸು ಕೇಳ್ಬೇಡಿ. ಪೇಟೇಲಿ ಪಕ್ಕಾ ಮನೆ ಇದೆ."

ಇಂಥ ಹೊತ್ತಿನಲ್ಲಿ ಸುಧಾರಣೆ ಊರಿಗೆ ಬಂತು. ಗಲಭೆಪೀಡಿತ ದೂರದ ಊರುಗಳ ಹೆಣ್ಣುಮಕ್ಕಳ ಶಿಕ್ಷಣ ಸುಧಾರಿಸಲು ರಾಜಧಾನಿಯಲ್ಲಿ ಒಂದು ಯೋಜನೆ ಮಾಡಿದ್ದರು. ಅದರ ದೊಡ್ಡ ಮೇಡಂ ಮಾದರಿ ಶಾಲೆಯನ್ನು ಕಣ್ಣಾರೆ ನೋಡಲು ಬರುತ್ತಾರಂತೆ. ನಲವತ್ತೂ ಹುಡುಗಿಯರಿಗೆ ಹೊಸ ಯೂನಿಫಾರಂ. ಜೊತೆಗೆ, ಹಾಜರಿಯಲ್ಲಿ ಎಲ್ಲರಿಗಿಂತ ಮುಂದಿರುವ ಒಬ್ಬಳಿಗೆ ಪೇಟೆಯಾಚೆಯ ದೊಡ್ಡ ಶಾಲೆಯಲ್ಲಿ ಹಾಸ್ಟೆಲ್ ಸಮೇತ ಸೀಟು. ಅವತ್ತೇ ಮೇಡಂ ತಮ್ಮ ಜೀಪಿನಲ್ಲೇ ಕರೆದುಕೊಂಡು ಹೋಗುತ್ತಾರೆ.

ಯೂನಿಫಾರಂ ಹೊಲಿಯಲು ಬಟ್ಟೆಯ ಗಂಟು, ಅಳತೆಯ ಪಟ್ಟಿ ಟೈಲರಕ್ಕನ ಅಂಗಡಿಗೆ ಬಂದವು. ಪಟ್ಟಿ ನೋಡಿದವಳಿಗೆ ನಗು ತಡೆಯಲಾಗಲಿಲ್ಲ. ಅದು ಅವಳದೇ ಪಟ್ಟಿ. ಶಾಲೆ ಇದ್ದ ಕಾಲದಲ್ಲಿ ಅವಳೇ ನಲವತ್ತು ಮಕ್ಕಳ ಅಳತೆ ತೆಗೆದು ಬರೆದುಕೊಟ್ಟದ್ದು, ಹಾಜರಿ ಪುಸ್ತಕದ ನಡುವೆ ಉಳಿದುಕೊಂಡಿತ್ತು. ಹೆಡ್‌ಮಾಸ್ತರರು ಪ್ರತಿಯೊಬ್ಬಳ ಲಂಗದ ಉದ್ದಕ್ಕೂ ನಾಲ್ಕು ಇಂಚು ಕೂಡಿಸಿದ್ದರು, ವರ್ಷಕ್ಕೊಂದು ಇಂಚಿನಂತೆ. ಪೇಟೆಯ ಜಗಲಿಯಲ್ಲಿ ಕೂತು ನಲವತ್ತು ಹುಡುಗಿಯರನ್ನು ಒಂದೇ ಸಮನೆ ಬೆಳೆಸಿದ್ದರು ಪುಣ್ಯಾತ್ಮ. ಮೂರನೇ ನಂಬರಿನವಳು ಮದುವೆಯಾಗಿ ಹೋಗಿ ಕೈಗೂಸಿನ ತಾಯಿಯಾಗಿದ್ದಳು, ಅವಳೂ ನಾಲ್ಕು ಇಂಚು. ಎಂಟನೇ ನಂಬರಿನವಳ ಮನೆಯವರು ಊರು ಬಿಟ್ಟು ಯಾವ ದಿಕ್ಕಿಗೆ ಹೋದರೆಂದು ದೇವರಿಗೇ ಗೊತ್ತು, ಅವಳೂ ನಾಲ್ಕು ಇಂಚು. ಟೈಲರಕ್ಕ ನಗುತ್ತಲೇ ಬೆರಳಿಟ್ಟು ಕೆಳಗೆ ಬಂದಳು.

ಹದಿನೇಳರಲ್ಲಿ ಬೆರಳು ನಿಂತಿತು. ಅವಳ ಮಗಳ ಹೆಸರು. ಲಂಗದ ಉದ್ದ, ಇಪ್ಪತ್ತನಾಲ್ಕು.

ಇಪ್ಪತ್ತು, ಎಂದುಕೊಂಡಳು ಟೈಲರಕ್ಕ. ನನ್ನ ಮಗಳ ಅಳತೆ ಇಪ್ಪತ್ತು. ಕೊನೆಯ ಬಟ್ಟೆಗೆ ಅಳತೆ ತೆಗೆಯುವ ಗೋಜಿಗೇ ಹೋಗದೆ, ಬಿಳಿ ಬಟ್ಟೆಯ ಇಡೀ ತಾನಿನಿಂದಲೇ ಹರಿದುಕೊಟ್ಟಿದ್ದಳು. ಅವಳು ಪಟ್ಟಿಯನ್ನು ಮಡಚಿಟ್ಟು, ಅವತ್ತು ಕ್ಲಾಸಿಗೆ ರಜೆ ಎಂದಳು. ಯಾಕಮ್ಮ ಯಾಕೆಂದು ಕೇಳಲಿಲ್ಲ, ಮುಖ ನೋಡಿ ಎದ್ದುಹೋದಳು.

ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಟೈಲರಕ್ಕನಿಗೆ ನಾಚಿಕೆಯಾಗುವಂಥ ಇನ್ನೊಂದು ಭಾವ ಅದರ ಬೆನ್ನಿಗೇ ಬಂತು. ಆ ಪುಸ್ತಕವೊಂದರಲ್ಲಾದರೂ ಮಗಳು ದಿನಾ ಬೆಳಿಗ್ಗೆ ಎದ್ದು, ಜಡೆ ಹಾಕಿಸಿಕೊಂಡು, ಮೋರಿ ದಾಟಿ ಶಾಲೆ ಸೇರುತ್ತಿದ್ದಳಲ್ಲ! ನಾಲ್ಕನೇ ಕ್ಲಾಸಿನಿಂದ ಏಳಕ್ಕೆ ಬಂದಿದ್ದಳಲ್ಲ! ಎರಡು ದಿನ ಅವಳು ಆ ಪಟ್ಟಿಯನ್ನು ತೆಗೆದು ತೆಗೆದು ನೋಡಿದಳು.

ಹೆಡ್‌ಮಾಸ್ತರರು ಮೇಡಂ ಬರುವ ಮೂರು ದಿನ ಮೊದಲು, ನಾಲ್ಕು ವರ್ಷದ ಮೇಲೆ, ಊರಿಗೆ ಬಂದರು. ಹೊಲಿಗೆ ಕ್ಲಾಸಿನ ಇಪ್ಪತ್ತು ಹುಡುಗಿಯರನ್ನು ನೋಡಿ ಬಹಳ ಸಂತೋಷಪಟ್ಟರು. ಶಾಲೆಯನ್ನು ಎರಡು ಪಾಳಿಯಲ್ಲಿ ನಡೆಸುತ್ತೇವೆಂದು ಬರೆದಿದ್ದರಂತೆ. ಮೊದಲ ಪಾಳಿಗೆ ಇದೇ ಇಪ್ಪತ್ತು ಜನ ಕೆಂಪು ರಿಬ್ಬನ್ ಕಟ್ಟಿ ನಿಲ್ಲಬೇಕು. ಮೇಡಂ ಕಮಾಂಡರ್ ಸಾಹೇಬರ ಜೊತೆ ಟೀ ಕುಡಿದು ಬರುವಷ್ಟರಲ್ಲಿ ಬಿಳಿ ರಿಬ್ಬನ್ ಕಟ್ಟಿಕೊಂಡು ಎರಡನೇ ಪಾಳಿಯಾಗಬೇಕು. ಓದಲು ಗೋಡೆಯಿಲ್ಲ, ಜಡೆಗೆ ಎರಡು ಬಣ್ಣದ ರಿಬ್ಬನ್. ಒಬ್ಬೊಬ್ಬಳಿಗೆ ಎರಡೆರಡು ಹೆಸರು ಹಂಚಿ, ಕೂಗಿದಾಗ ಕೈ ಎತ್ತುವ ತಾಲೀಮು ಶುರುಮಾಡಿದರು.

"ನೀನು ಹದಿನೇಳು," ಎಂದರು ಯಾಕಮ್ಮನಿಗೆ. "ಚುರುಕಾಗಿದ್ದೀಯ. ಹದಿನೇಳಕ್ಕೆ ಸೀಟು ಬಂದಿದೆ. ಆ ಹೆಸರಲ್ಲಿ ಹೋಗಿ ಓದ್ಕೋ."

"ನಾನ್ಯಾಕೆ ಅವಳ ಹೆಸರಲ್ಲಿ ಓದಬೇಕು? ನನಗೇ ಹೆಸರಿದೆಯಲ್ಲ ಸಾರ್?"

"ನಿನ್ನ ಹೆಸರು ಪುಸ್ತಕದಲ್ಲಿಲ್ಲ ಕಣಮ್ಮ. ನೀನು ಆಮೇಲೆ ಬಂದವಳು. ಪುಸ್ತಕದ ಪ್ರಕಾರ ನೀನು ಈ ಊರಲ್ಲೇ ಇಲ್ಲ."

ಟೈಲರಕ್ಕ ಗುಂಡಿಯ ಕಾಜಾ ಹೊಲಿಯುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. "ಹದಿನೇಳಕ್ಕೇ ಯಾಕೆ ಬಂತು ಸಾರ್ ಸೀಟು?"

ಹೆಡ್‌ಮಾಸ್ತರರು ತುಸು ತಡವರಿಸಿದರು. ಅವರಿಗೂ ಅವಳ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಲಾಗಲಿಲ್ಲ. "ಬೇಜಾರು ಮಾಡ್ಕೋಬೇಡಿ ಅಕ್ಕಾವ್ರೇ. ಮದುವೆಯಾಗಿ ಹೋದವರು, ಊರು ಬಿಟ್ಟವರು ಯಾವತ್ತಾದ್ರೂ ಬಂದು ಸರ್ಟಿಫಿಕೇಟ್ ಕೇಳ್ತಾರೆ. ಆಗ ಅನುಮಾನ ಬರಬಾರದು ಅಂತ ಬದುಕಿರೋ ಎಲ್ಲರಿಗೂ ಆಗಾಗ ಗೈರುಹಾಜರಿ ಹಾಕಿದ್ದೆ. ನಿಮ್ಮ ಮಗಳ ವಿಷಯದಲ್ಲಿ ಆ ತೊಂದರೆ ಇರಲಿಲ್ಲ. ಹಾಗಾಗಿ ನೂರಕ್ಕೆ ನೂರು."

ಟೈಲರಕ್ಕನಿಗೆ ಆರು ಇಂಚಿನ ಕತ್ತರಿಯೂ ಸಾಕೆನಿಸಿದ್ದು ನಿಜ. ಆದರೆ ಅವಳು ಕೇಳಿದ್ದು ಇಷ್ಟೇ. "ಅವಳ ಹೆಸರು ತೆಗೆದು ಇವಳ ಹೆಸರು ಸೇರಿಸೋಕೆ ಆಗಲ್ವಾ?"

"ಅದೆಲ್ಲ ಆಗದ ಮಾತು. ಯಾಕೆ ಬೇಕು ಹೇಳಿ? ಇವಳಿಗೂ ಸೀಟು ಸಿಗುತ್ತೆ, ನಿಮ್ಮ ಮಗಳ ಹೆಸರೂ ಮುಂದೆ ಬರುತ್ತೆ. ಹತ್ತು ಪಾಸಾಗ್ತಾಳೆ, ಡಿಗ್ರಿ ಮಾಡ್ತಾಳೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಟೈಲರಕ್ಕ ಆ ಆಸೆಗೆ ಬೀಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಇಡೀ ಒಂದು ದಿನ ಬಿದ್ದಳು. ಮಗಳ ಹೆಸರು ಡಿಗ್ರಿ ಸರ್ಟಿಫಿಕೇಟಿನಲ್ಲಿ ಅಚ್ಚಾದದ್ದನ್ನು ಕಲ್ಪಿಸಿಕೊಂಡಳು, ಗೋಡೆಯಲ್ಲಿ ಅದಕ್ಕೆ ಮೊಳೆ ಹೊಡೆಯುವ ಜಾಗವನ್ನೂ ನೋಡಿದಳು. ಮರುದಿನ ಯಾಕಮ್ಮ ಮೇಜಿನ ಕೆಳಗೆ ಕೂತು ನೋಟುಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಬಗ್ಗಿ ನೋಡಿದರೆ ಟೈಲರಕ್ಕನ ಮಗಳ ಹೆಸರನ್ನು ಮತ್ತೆ ಮತ್ತೆ ಸಹಿ ಮಾಡುತ್ತಿದ್ದಳು. ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನೇ ಅದು?"

"ಅಭ್ಯಾಸ ಮಾಡ್ಕೋತಿದ್ದೀನಿ ಅಕ್ಕಾ. ಹೋದ್ಮೇಲೆ ನನ್ನ ಹೆಸರು ಕರೆಯೋರು ಯಾರೂ ಇರಲ್ವಲ್ಲ."

ನಾಲ್ಕು ವರ್ಷದಲ್ಲಿ ಅವಳು ಪ್ರಶ್ನೆಯಿಲ್ಲದೆ ಆಡಿದ ಮೊದಲ ಮಾತು ಅದು. ಟೈಲರಕ್ಕ ಎದ್ದುಹೋಗಿ ಮಿಷನ್ನಿಗೆ ದಾರ ಪೋಣಿಸಿದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

ಮೇಡಂ ಬರುವ ದಿನ ಪಡೆಯವರು ಎರಡು ಗಂಟೆ ಹೊತ್ತು ಶಾಲೆಯನ್ನು ಶಾಲೆಗೆ ಬಿಟ್ಟುಕೊಟ್ಟರು. ಮರಳಿನ ಮೂಟೆಗಳಿಗೆ ಬಣ್ಣದ ಕಾಗದ ಹೊದಿಸಿದರು. ಗುಂಡು ಬಿದ್ದು ತೂತಾದ ಗೋಡೆಗೆ ಅಕ್ಷರಮಾಲೆಯ ಚಾರ್ಟು ತೂಗಿತು. ಬನಿಯನ್ನುಗಳನ್ನು ಮಾತ್ರ ಮರೆತರು. ಹತ್ತೂವರೆಗೆ ಹೆಡ್‌ಮಾಸ್ತರರು ಯೂನಿಫಾರಂ ಹಂಚಲು ಗಂಟು ಬಿಚ್ಚಿದರು. ಹತ್ತೊಂಬತ್ತು ಹುಡುಗಿಯರಿಗೆ ಮೂವತ್ತೆಂಟು ಜೊತೆ ನಿಂತಂತೆ ಕೂತವು. ಯಾಕೆ ಕೂರಲಿಕ್ಕಿಲ್ಲ, ಟೈಲರಕ್ಕ ಪಟ್ಟಿಯನ್ನು ಮೂಲೆಗೆಸೆದು ಹುಡುಗಿಯರ ಮೈಯಳತೆ ತೆಗೆದು ಹೊಲಿದಿದ್ದಳು. ಹದಿನೇಳನೇ ನಂಬರಿನ ಲಂಗ ಬಂತು. ಯಾಕಮ್ಮ ಅದನ್ನು ಸೊಂಟಕ್ಕೆ ಹಿಡಿದಳು. ಮೊಣಕಾಲಿಗಿಂತ ಗೇಣು ಮೇಲೆ ನಿಂತಿತು. ಸೊಂಟದ ಪಟ್ಟಿ ಮುಕ್ಕಾಲು ಸುತ್ತಿಗೇ ಮುಗಿಯಿತು.

"ಇದೇನ್ರೀ ಇದು? ಅಳತೆ ತಪ್ಪಿದ್ದೀರಲ್ಲ!" ಹೆಡ್‌ಮಾಸ್ತರರು ಗಡಿಯಾರ ನೋಡಿಕೊಂಡರು.

"ತಪ್ಪಿಲ್ಲ ಸಾರ್. ಇಪ್ಪತ್ತು ಇಂಚು. ನನ್ನ ಮಗಳದ್ದು ಅಷ್ಟೇ. ನಿಮ್ಮ ಪುಸ್ತಕದಲ್ಲಿ ಬೆಳೆದಿರಬಹುದು, ನನ್ನ ಟೇಪಲ್ಲಿ ಬೆಳೆದಿಲ್ಲ."

ಟೈಲರಕ್ಕ ಇಪ್ಪತ್ತು ವರ್ಷದಿಂದ ಮಕ್ಕಳ ಬಟ್ಟೆ ಹೊಲಿದವಳು. ಬೆಳೆಯುವ ಮಕ್ಕಳ ಲಂಗಕ್ಕೆ ಅಂಚಿನಲ್ಲಿ ಮಡಿಕೆ ಬಿಡದೆ ಅವಳು ಯಾವತ್ತೂ ಹೊಲಿದವಳಲ್ಲ. ಆ ಲಂಗಕ್ಕೆ ಮಡಿಕೆ ಬಿಟ್ಟಿರಲಿಲ್ಲ.

"ಈಗೇನ್ರೀ ಮಾಡೋದು? ಹನ್ನೊಂದೂವರೆಗೆ ಜೀಪು ಬರುತ್ತೆ! ಸೀಟಿನ ಹುಡುಗೀನೇ ಯೂನಿಫಾರಂ ಇಲ್ಲದೆ ನಿಂತರೆ ನನ್ನ ಗತಿ?"

"ಉಳಿದೊಂದು ಜೊತೆ ಇವಳ ಅಳತೆಗೇ ಹೊಲಿದಿಟ್ಟಿದ್ದೀನಿ. ಅಂಗಡೀಲಿದೆ, ಬೀಗ ಹಾಕಿದೆ. ಪುಸ್ತಕ ತೆಗೀರಿ. ಹದಿನೇಳನ್ನ ಹೊಡೆದುಹಾಕಿ. ಅಲ್ಲಿ ಇವಳ ಹೆಸರು ಬರೀರಿ, ಇವಳು ಬಂದ ತಿಂಗಳಿಂದ. ಇಲ್ಲ ಅಂದ್ರೆ ಮೇಡಂ ಮುಂದೆ ಈ ಲಂಗ ಹಿಡ್ಕೊಂಡು ನಾನೇ ನಿಂತ್ಕೋತೀನಿ."

ಹೆಡ್‌ಮಾಸ್ತರರು ಬೆವರಿದರು, ಬೇಡಿಕೊಂಡರು, ಇಲಾಖೆಯ ನಿಯಮ ಹೇಳಿದರು. ಪಡೆಯ ಜವಾನನೊಬ್ಬ ರೇಡಿಯೋ ಹಿಡಿದು ಬಂದು ಜೀಪು ಸೇತುವೆ ದಾಟಿತೆಂದ. ನಿಯಮ ಅಲ್ಲಿಗೆ ಮುಗಿಯಿತು. ಅವರು ಪೆನ್ನು ತೆಗೆದು ಹೊಸ ಹಾಳೆಯಲ್ಲಿ ಯಾಕಮ್ಮನ ಹೆಸರು ಬರೆದು, ನಾಲ್ಕು ವರ್ಷದ ಹಾಜರಿಯನ್ನು ಒಂದೇ ಉಸಿರಿನಲ್ಲಿ ಗೀಚಿದರು. "ಇಷ್ಟು ದೊಡ್ಡ ಸುಳ್ಳು ನನ್ನ ಕೈಯಿಂದ ಬರೆಸ್ತಿದ್ದೀರಲ್ಲ ತಾಯಿ," ಎಂದು ಗೊಣಗಿದರು. ಪಾಪ, ಆ ಪುಸ್ತಕದಲ್ಲಿ ಅವರು ನಾಲ್ಕು ವರ್ಷದಲ್ಲಿ ಬರೆದ ಏಕೈಕ ನಿಜ ಅದೇ ಎಂದು ಅವರಿಗೆ ಗೊತ್ತಿರಲಿಲ್ಲ.

"ಹದಿನೇಳನ್ನ ತೆಗೆಯೋಕೆ ಕಾರಣ ಹಾಕಬೇಕು," ಎಂದರು. "ಮದುವೆ ಅಂತ ಹಾಕ್ಲಾ? ವಲಸೆ?"

"ಸತ್ತಳು ಅಂತ ಹಾಕಿ."

"ತಾರೀಕು? ನಾಲ್ಕು ವರ್ಷ ಹಿಂದಿನದು ಹಾಕಿದ್ರೆ ನಾನು ಕೆಟ್ಟೆ. ನಿನ್ನೆವರೆಗೂ ಹಾಜರಿ ಇದೆ."

ಟೈಲರಕ್ಕ ಯಾಕಮ್ಮನ ಕಡೆ ನೋಡಿದಳು. ಅವಳು ಗಿಡ್ಡ ಲಂಗವನ್ನು ಮಡಚಿ ಎದೆಗೊತ್ತಿ ನಿಂತಿದ್ದಳು.

"ಇವತ್ತಿನದೇ ಹಾಕಿ," ಎಂದಳು ಟೈಲರಕ್ಕ.

ಪೋಷಕರ ಸಹಿ ಬೇಕಿತ್ತು. ಹಾಕಿದಳು. ಅಕ್ಷರ ಸೊಟ್ಟಗಾಯಿತು. ಮಗಳನ್ನು ಕಳೆದುಕೊಂಡ ದಿನ ಅವಳಿಗೆ ಬುದ್ಧಿ ನೆಟ್ಟಗಿರಲಿಲ್ಲ, ಅಂದು ಏನೇನು ಮಾಡಿದಳೆಂದು ನೆನಪೂ ಇಲ್ಲ. ಈ ಸಲ ನೆಟ್ಟಗಿತ್ತು. ಆದ್ದರಿಂದ ಈ ಸಲ ಹೆಚ್ಚು ನೋವಾಯಿತು.

ದೊಡ್ಡ ಮೇಡಂ ಬಂದರು. ಕೆಂಪು ರಿಬ್ಬನ್ ನೋಡಿದರು, ಟೀ ಕುಡಿದರು, ಬಿಳಿ ರಿಬ್ಬನ್ ನೋಡಿದರು, ಎರಡನೇ ಪಾಳಿಯವರು ಇನ್ನೂ ಚುರುಕು ಎಂದರು. ಹಾಜರಿ ಪುಸ್ತಕ ತಿರುವುತ್ತಾ ಬಂದವರು ಒಂದು ಹಾಳೆಯಲ್ಲಿ ನಿಂತರು. ಕನ್ನಡಕ ತೆಗೆದರು. ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಇವತ್ತು ತೀರಿಕೊಂಡಳಾ ಈ ಮಗು?"

"ಹೌದು ಮೇಡಂ. ಬೆಳಿಗ್ಗೆ. ಶಾಲೆಗೆ ಬರೋ ದಾರೀಲಿ." ಸುಳ್ಳು ಬರೆದು ಬರೆದು ಪಳಗಿದ ಮನುಷ್ಯ, ಬಾಯಿಯಲ್ಲಿ ಬಂದದ್ದು ನಿಜವೇ. ತಾರೀಕು ಮಾತ್ರ ಬೇರೆ.

ತಾಯಿ ಇವಳೇ ಎಂದು ಟೈಲರಕ್ಕನನ್ನು ತೋರಿಸಿದರು. ಮೇಡಂ ಹೆಗಲ ಮೇಲೆ ಕೈಯಿಟ್ಟಾಗ ಅವಳಿಗೆ ಅಳು ಬಂದುಬಿಟ್ಟಿತು. ಅದು ನಾಟಕವಾಗಿರಲಿಲ್ಲ. ಮೇಡಂ ಎಲ್ಲರನ್ನೂ ನಿಲ್ಲಿಸಿ ಒಂದು ನಿಮಿಷ ಮೌನ ಆಚರಿಸಿದರು. ಕಮಾಂಡರ್ ಟೋಪಿ ತೆಗೆದ. ಆಮೇಲೆ ಮೇಡಂ ಭಾಷಣದಲ್ಲಿ, ಸಾಯುವ ದಿನದವರೆಗೂ ಒಂದು ದಿನ ತಪ್ಪಿಸದ ಇಂಥ ಹುಡುಗಿಯೇ ನಮ್ಮ ಯೋಜನೆಯ ಯಶಸ್ಸು ಎಂದರು. ಹಾಜರಾತಿಯ ಪ್ರಶಸ್ತಿ ಪತ್ರವನ್ನು ತಾಯಿಯ ಕೈಗಿತ್ತರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ವರ್ಷದ ಹಿಂದೆ, ಮಗಳು ನಿಜವಾಗಿ ಸತ್ತಾಗ, ಆ ಊರಿಗೆ ಯಾರೂ ಬಂದಿರಲಿಲ್ಲ.

ಸೀಟು ಯಾಕಮ್ಮನಿಗೆ ಬಂತು, ಅವಳದೇ ಹೆಸರಿಗೆ. ಏನಾದರೂ ಹೇಳಮ್ಮ ಎಂದು ಮೇಡಂ ಮೈಕು ಕೊಟ್ಟರು.

"ಮೇಡಂ, ಬಾವುಟದ ಕಂಬದಲ್ಲಿ ಬನಿಯನ್ ಯಾಕಿದೆ?"

ಮೇಡಂ ನಕ್ಕರು, ಎಷ್ಟು ಮುಗ್ಧ ಮಗು ಎಂದರು. ಕಮಾಂಡರ್ ನಗಲಿಲ್ಲ.

ಜೀಪು ಹೊರಡುವ ಮೊದಲು ಟೈಲರಕ್ಕ ಯಾಕಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೊಸ ಲಂಗದ ಅಂಚನ್ನು ತಿರುವಿ ತೋರಿಸಿದಳು. ಅವಳಪ್ಪ ಸ್ವಲ್ಪ ದೂರದಲ್ಲಿ ನಿಂತು ಮೂಗು ಸೀಟಿಕೊಳ್ಳುತ್ತಿದ್ದ.

"ಇಲ್ನೋಡು. ಒಳಗೆ ನಾಲ್ಕು ಇಂಚು ಮಡಿಕೆ ಬಿಟ್ಟಿದ್ದೀನಿ. ವರ್ಷ ವರ್ಷ ಒಂದೊಂದು ಇಂಚು ಬಿಚ್ಕೋ. ಹೊಲಿಗೆ ಬಿಚ್ಚೋದು ಗೊತ್ತಲ್ಲ?"

"ಗೊತ್ತು. ಅಕ್ಕಾ, ನೀವು ಯಾಕೆ ಅಳ್ತಿದ್ದೀರಾ?"

"ಸುಮ್ನೆ ಹತ್ತೇ ಜೀಪು," ಎಂದಳು ಟೈಲರಕ್ಕ.

ಜೀಪು ಮೋರಿ ದಾಟುವವರೆಗೂ ಅವಳು ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ದಾಟಿತು. ಅಂಗಡಿಗೆ ಬಂದು, ಹದಿನೇಳನೇ ನಂಬರಿನ ಲಂಗವನ್ನೂ ಪ್ರಶಸ್ತಿ ಪತ್ರವನ್ನೂ ಮಿಷನ್ನಿನ ಡ್ರಾಯರಿನಲ್ಲಿಟ್ಟಳು. ಹತ್ತೊಂಬತ್ತು ಹುಡುಗಿಯರು ರಿಬ್ಬನ್ ಬಿಚ್ಚಿ ಕಾಯುತ್ತಿದ್ದರು. ಅವಳು ಅಸ್ತರಿಯನ್ನು ಕೊಡವಿ, ಸೀಮೆಸುಣ್ಣ ತೆಗೆದುಕೊಂಡು ಭಾಗಾಕಾರ ಶುರುಮಾಡಿದಳು.